ಆಫೀಸು ಬದಲಾದ ಮೇಲೆ ನಾನೂ ಬದಲಾಗಿಬಿಟ್ಟೆನಾ?

ಪ್ರಶ್ನೆ: ಹಳೆಯ ಆಫೀಸಿನಲ್ಲಿ ಆರು ಗಂಟೆ ಹೊಡೆದರೆ ನಾನು ಬ್ಯಾಗ್ ಹೆಗಲಿಗೇರಿಸಿ ಹೊರಡುತ್ತಿದ್ದೆ. ಮೀಟಿಂಗಿನಲ್ಲಿ ಸರಿ ಕಾಣದ್ದನ್ನು ಸರಿಯಿಲ್ಲ ಅಂತಲೇ ಹೇಳುತ್ತಿದ್ದೆ. ಹೊಸ ಕಡೆ ಸೇರಿ ಎಂಟು ತಿಂಗಳಾಯಿತು. ಇಲ್ಲಿ ಕೆಲಸ ಮುಗಿದರೂ ಎಂಟೂವರೆವರೆಗೆ ಕೂತಿರುತ್ತೇನೆ, ಯಾಕಂದರೆ ಯಾರೂ ಏಳುವುದಿಲ್ಲ. ಮೀಟಿಂಗಿನಲ್ಲಿ ಸುಮ್ನೆ ತಲೆಯಾಡಿಸುತ್ತೇನೆ. ಮೊನ್ನೆ ಹೊಸದಾಗಿ ಸೇರಿದ ಹುಡುಗನೊಬ್ಬ ಆರೂಕಾಲಿಗೆ ಎದ್ದು ಹೊರಟ. ಅವನ ಮೇಲೆ ನನಗೇ ಸಿಟ್ಟು ಬಂತು, ಪಕ್ಕದವರ ಹತ್ತಿರ ಒಂದು ಮಾತು ಆಡಿಯೂಬಿಟ್ಟೆ. "ಅಕ್ಕಾ, ನೀನು ಮೊದಲು ಹೀಗಿರಲಿಲ್ಲ" ಅಂತಾಳೆ ತಂಗಿ. ನನಗೆ ಸ್ವಂತ ಬುದ್ಧಿಯೇ ಇಲ್ಲವಾ? ಸುತ್ತಲಿನ ಜನ ನಮ್ಮನ್ನು ಇಷ್ಟೊಂದು ಬದಲಾಯಿಸಲು ಸಾಧ್ಯವಾ?

ಉತ್ತರ: ಬುದ್ಧಿ ಇದೆ. ಇಲ್ಲದಿದ್ದರೆ ಆ ಸಿಟ್ಟು ನಿಮಗೇ ವಿಚಿತ್ರ ಅನ್ನಿಸುತ್ತಿರಲಿಲ್ಲ. ನೀವು ನಿಮ್ಮ ತಲೆಯೊಳಗೆ ಏನು ಕೆಟ್ಟಿದೆ ಅಂತ ಹುಡುಕುತ್ತಿದ್ದೀರಿ. ನಾನಾದರೆ ಮೊದಲು ನಿಮ್ಮ ಸುತ್ತಲಿನ ಕುರ್ಚಿಗಳನ್ನು ಎಣಿಸುತ್ತೇನೆ.

ಒಂದು ಲೆಕ್ಕ ಹಾಕೋಣ. ನಿಮ್ಮ ವಿಭಾಗದಲ್ಲಿ 10 ಜನ ಇದ್ದಾರೆ ಅಂದುಕೊಳ್ಳಿ. ಆರು ಗಂಟೆಯಾಯಿತು. ಹತ್ತೂ ಜನರಿಗೆ ಮನೆಗೆ ಹೋಗುವ ಆಸೆ. ಆದರೆ ಒಬ್ಬೊಬ್ಬರ ಅಳುಕು ಒಂದೊಂದು ಥರ. ಮೊದಲನೆಯವರು ಯಾರನ್ನೂ ನೋಡದೆ ಏಳುವವರು. ಎರಡನೆಯವರಿಗೆ ತಮಗಿಂತ ಮುಂಚೆ ಒಬ್ಬರಾದರೂ ಎದ್ದಿರಬೇಕು. ಮೂರನೆಯವರಿಗೆ ಇಬ್ಬರು, ನಾಲ್ಕನೆಯವರಿಗೆ ಮೂವರು. ಹೀಗೇ ಹೋಗಿ ಹತ್ತನೆಯವರಿಗೆ ಉಳಿದ ಒಂಬತ್ತೂ ಜನ ಹೊರಟ ಮೇಲೆಯೇ ಧೈರ್ಯ. ಈಗ ನೋಡಿ. ಮೊದಲನೆಯವರು ಎದ್ದರು. ಅವರನ್ನು ನೋಡಿ ಎರಡನೆಯವರು ಕಂಪ್ಯೂಟರ್ ಆಫ್ ಮಾಡಿದರು. ಇಬ್ಬರು ಹೋದದ್ದನ್ನು ಕಂಡು ಮೂರನೆಯವರು ಕುರ್ಚಿ ಹಿಂದಕ್ಕೆ ತಳ್ಳಿದರು. ಆರೂಕಾಲಿಗೆ ಕೋಣೆ ಖಾಲಿ.

ಈಗ ಆ ಎರಡನೆಯವರನ್ನು ಬೇರೆ ವಿಭಾಗಕ್ಕೆ ಕಳಿಸಿಬಿಡಿ. ಅವರ ಜಾಗಕ್ಕೆ ಬಂದವರಿಗೆ ಅಳುಕು ಒಂಚೂರು ಜಾಸ್ತಿ. ಇಬ್ಬರು ಹೊರಡುವವರೆಗೆ ಕಾಯುವವರು. ಉಳಿದ ಒಂಬತ್ತು ಜನ ಅವರೇ, ಅವರ ಸ್ವಭಾವವೂ ಅದೇ. ಮೊದಲನೆಯವರು ಎಂದಿನ ಹಾಗೆ ಎದ್ದು ಹೋಗುತ್ತಾರೆ. ಆಮೇಲೆ? ಒಬ್ಬರು ಎದ್ದರೆ ಸಾಕು ಅನ್ನುವವರೇ ಈಗ ಇಲ್ಲ. ಮಿಕ್ಕ ಒಂಬತ್ತು ಜನ ಪರದೆ ನೋಡುತ್ತ ಕೂತೇ ಇರುತ್ತಾರೆ. ಹೊರಗಿನವರು ಬಂದು ನೋಡಿದರೆ ಏನಂತಾರೆ? "ಅಬ್ಬಾ, ಇಲ್ಲಿನವರು ಎಷ್ಟು ದುಡಿಯುತ್ತಾರೆ, ಅವನೊಬ್ಬ ಮಾತ್ರ ಮೈಗಳ್ಳ."

ಈ ಲೆಕ್ಕ ನನ್ನದಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1978ರಲ್ಲಿ ಬರೆದ ಪ್ರಬಂಧದ್ದು. ಅವರ ಉದಾಹರಣೆಯಲ್ಲಿ ಇದ್ದದ್ದು ಆಫೀಸಲ್ಲ, ದೊಂಬಿಯ ಅಂಚಿನಲ್ಲಿ ನಿಂತ 100 ಜನ. ಎಷ್ಟು ಜನ ಕಲ್ಲೆತ್ತಿದರೆ ನಾನೂ ಎತ್ತುತ್ತೇನೆ ಅನ್ನುವುದು ಒಬ್ಬೊಬ್ಬರ ಹೊಸ್ತಿಲು. ಒಬ್ಬನ ಹೊಸ್ತಿಲು 1ರಿಂದ 2ಕ್ಕೆ ಏರಿದರೆ ಸಾಕು. ಊರೇ ಹೊತ್ತಿ ಉರಿಯಬೇಕಿದ್ದದ್ದು ಒಂದು ಕಿಟಕಿ ಗಾಜು ಒಡೆಯುವಲ್ಲಿಗೆ ಮುಗಿಯುತ್ತದೆ. ಎರಡೂ ಗುಂಪುಗಳ ಜನ ಹೆಚ್ಚುಕಡಿಮೆ ಒಂದೇ. ಆದರೆ ಮರುದಿನ ಒಂದು ಗುಂಪನ್ನು ಪುಂಡರು ಅಂತ ಬರೆಯುತ್ತಾರೆ, ಇನ್ನೊಂದನ್ನು ಶಾಂತಿಪ್ರಿಯರು ಅಂತ.

ನಿಮ್ಮ ಹಳೆಯ ಆಫೀಸನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಆರು ಗಂಟೆಗೆ ನೀವು ಎಷ್ಟನೆಯವರಾಗಿ ಏಳುತ್ತಿದ್ದಿರಿ? ನಿಜವಾಗಿ ಮೊದಲನೆಯವರಾಗಿಯಾ? ಹಲವರಿಗೆ ಈ ಪ್ರಶ್ನೆ ಕೇಳಿದ್ದೇನೆ. ಸ್ವಲ್ಪ ಯೋಚಿಸಿದ ಮೇಲೆ "ಇಲ್ಲ, ಇನ್ನೊಬ್ಬರು ಇದ್ದರು" ಅನ್ನುವವರೇ ಜಾಸ್ತಿ. ನಮ್ಮ ಧೈರ್ಯದ ಒಂದು ಪಾಲು ಬೇರೆಯವರ ಹತ್ತಿರ ಇರುತ್ತದೆ, ಅವರು ಜೊತೆಗಿಲ್ಲದಾಗಲೇ ಅದು ಗೊತ್ತಾಗುವುದು.

ಇನ್ನೊಂದು ಗಂಟು ಇದೆ, ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ನೀವು ಎಣಿಸುತ್ತಿರುವುದು ಎದ್ದವರನ್ನು ಮಾತ್ರ ಅಲ್ಲ. ಕೂತವರು ಮನಸ್ಸಿನಲ್ಲಿ ಏನಂದುಕೊಳ್ಳುತ್ತಿದ್ದಾರೆ ಅನ್ನುವುದನ್ನೂ ಊಹಿಸುತ್ತಿದ್ದೀರಿ. ಈ ಊಹೆ ಬಹಳ ಸಲ ತಪ್ಪಿರುತ್ತದೆ. ತಮಾಷೆ ಏನಂದರೆ, ಎಲ್ಲರದೂ ಒಂದೇ ದಿಕ್ಕಿನಲ್ಲಿ ತಪ್ಪಿರುತ್ತದೆ.

ನಾನು ತರಗತಿಯಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಕಷ್ಟದ ಪಾಠ ಮುಗಿಸಿ "ಅರ್ಥ ಆಗದವರು ಕೈ ಎತ್ತಿ" ಅಂದರೆ ಒಂದು ಕೈಯೂ ಮೇಲೇಳುವುದಿಲ್ಲ. ಎಲ್ಲರೂ ಒಮ್ಮೆ ಅಕ್ಕಪಕ್ಕ ಕಣ್ಣು ಹಾಯಿಸುತ್ತಾರೆ. ಪಕ್ಕದವರ ಮುಖ ಶಾಂತವಾಗಿದೆ, ಅಂದರೆ ಅವರಿಗೆ ಅರ್ಥವಾಗಿದೆ, ನನಗೊಬ್ಬನಿಗೇ ಆಗಿಲ್ಲ. ಪಕ್ಕದವರೂ ಇವನ ಶಾಂತ ಮುಖ ನೋಡಿ ಅದನ್ನೇ ಅಂದುಕೊಂಡಿರುತ್ತಾರೆ. ಆಮೇಲೆ ಚೀಟಿ ಹಂಚಿ, ಹೆಸರು ಹಾಕಬೇಡಿ, ಅರ್ಥವಾಯಿತೋ ಇಲ್ಲವೋ ಅಷ್ಟೇ ಬರೆಯಿರಿ ಅನ್ನುತ್ತೇನೆ. ಮಡಚಿದ ಚೀಟಿಗಳು ಮೇಜಿನ ಮೇಲೆ ಬೀಳುತ್ತವೆ. ಬಿಚ್ಚುತ್ತ ಹೋದರೆ ಇಲ್ಲ, ಇಲ್ಲ, ಸ್ವಲ್ಪ, ಇಲ್ಲ. ಅದನ್ನು ಗಟ್ಟಿಯಾಗಿ ಓದಿದಾಗ ಕೋಣೆಯಲ್ಲಿ ಒಂದು ನಗು ಏಳುತ್ತದೆ ನೋಡಿ, ಆಮೇಲೆ ಪ್ರಶ್ನೆಗಳ ಸುರಿಮಳೆ. (ಪಾಠ ಕೆಟ್ಟದಾಗಿತ್ತು ಅನ್ನುವುದೂ ಅದರಿಂದ ಗೊತ್ತಾಗುತ್ತದೆ, ಆ ಮಾತು ಬೇರೆ.)

ತರಗತಿಯ ಆಟ ಅಂತ ಇದನ್ನು ತಳ್ಳಿಹಾಕಬೇಡಿ. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಮದುವೆಯಾದ ಯುವಕರನ್ನು ಗುಂಪುಗುಂಪಾಗಿ ಸೇರಿಸಿ ಒಂದು ಪ್ರಯೋಗ ಮಾಡಿದರು. 2020ರಲ್ಲಿ ಅದರ ವರದಿ ಪ್ರಕಟವಾಯಿತು. ಹೆಣ್ಣುಮಕ್ಕಳು ಮನೆಯಿಂದ ಹೊರಗೆ ಕೆಲಸ ಮಾಡಬಹುದಾ ಅಂತ ಗುಟ್ಟಾಗಿ ಕೇಳಿದಾಗ 10ರಲ್ಲಿ 8ಕ್ಕಿಂತ ಹೆಚ್ಚು ಜನ ಹೌದು ಅಂದರು. ಇದೇ ಕೋಣೆಯಲ್ಲಿ ಎಷ್ಟು ಜನ ಹೌದು ಅಂದಿರಬಹುದು ಅಂತ ಊಹಿಸಿ ಅಂದಾಗ, ಹೆಚ್ಚಿನವರು ನಿಜಕ್ಕಿಂತ ಕಡಿಮೆ ಸಂಖ್ಯೆ ಹೇಳಿದರು. ಆ ಕೋಣೆಯಲ್ಲಿ ಇದ್ದವರು ಅಕ್ಕಪಕ್ಕದ ಮನೆಗಳವರೇ, ಗುರುತು ಪರಿಚಯ ಇದ್ದವರೇ. ಆಮೇಲೆ ಅರ್ಧ ಜನರಿಗೆ ನಿಜವಾದ ಸಂಖ್ಯೆ ತಿಳಿಸಲಾಯಿತು. ಯಾರಿಗೂ ಉಪದೇಶ ಮಾಡಲಿಲ್ಲ, ವಾದ ಮಾಡಲಿಲ್ಲ. ಹೆಂಡತಿಯ ಹೆಸರನ್ನು ಕೆಲಸ ಹುಡುಕಿಕೊಡುವ ಸೇವೆಗೆ ನೋಂದಾಯಿಸುವ ಅವಕಾಶ ಕೊಟ್ಟಾಗ, ಸಂಖ್ಯೆ ತಿಳಿಯದ ಗುಂಪಿನಲ್ಲಿ ನೂರಕ್ಕೆ 23 ಜನ ಒಪ್ಪಿದ್ದರು, ತಿಳಿದ ಗುಂಪಿನಲ್ಲಿ ಸುಮಾರು 32. ಕೆಲವು ತಿಂಗಳ ನಂತರ ವಿಚಾರಿಸಿದಾಗ, ಆ ಎರಡನೆಯ ಗುಂಪಿನ ಮನೆಗಳ ಹೆಣ್ಣುಮಕ್ಕಳೇ ಕೆಲಸಕ್ಕೆ ಅರ್ಜಿ ಹಾಕಿದ್ದು ಜಾಸ್ತಿ. ಯಾರ ಅಭಿಪ್ರಾಯವನ್ನೂ ಬದಲಾಯಿಸಬೇಕಾಗಲಿಲ್ಲ. ಬದಲಾದದ್ದು ಬೇರೆಯವರ ಅಭಿಪ್ರಾಯದ ಬಗ್ಗೆ ಇದ್ದ ಊಹೆ ಮಾತ್ರ.

ನಿಮ್ಮ ಆಫೀಸಿನಲ್ಲೂ ಎಂಟೂವರೆವರೆಗೆ ಕೂರುವವರಲ್ಲಿ ಎಷ್ಟು ಜನ ನಿಮ್ಮನ್ನು ನೋಡಿ ಕೂತಿದ್ದಾರೋ ಏನೋ! ನೀವು ಅವರ ಪಾಲಿಗೆ "ಏಳದೇ ಇರುವವರು" ಅಲ್ವಾ?

ಈಗ ಆ ಸಿಟ್ಟಿನ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಅದೇ. ನಿಮಗೂ ಇಷ್ಟವಿಲ್ಲದ ನಿಯಮವನ್ನು ಮುರಿದವನ ಮೇಲೆ ನಿಮಗೇಕೆ ಸಿಟ್ಟು? ರಾಬ್ ವಿಲ್ಲರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದಕ್ಕೆ ಹತ್ತಿರದ್ದು. ಅದರ ಒಂದು ಪ್ರಯೋಗದಲ್ಲಿ ಜನ ವೈನ್ ರುಚಿ ನೋಡಿ ಅಂಕ ಕೊಡಬೇಕಿತ್ತು. ಮುಂಚೆ ಅಂಕ ಕೊಟ್ಟವರೆಲ್ಲ ಒಂದು ಕಡೆ ವಾಲಿದ್ದರು. ಎಷ್ಟೋ ಜನ ತಮ್ಮ ನಾಲಿಗೆಯನ್ನು ನಂಬದೆ ಅವರ ಹಿಂದೆಯೇ ಹೋದರು. ಆಮೇಲೆ ಗುಂಪಿಗೆ ಸೊಪ್ಪು ಹಾಕದೆ ತನಗನ್ನಿಸಿದ್ದನ್ನೇ ಹೇಳಿದ ಒಬ್ಬನ ಬಗ್ಗೆ ಅಭಿಪ್ರಾಯ ಕೇಳಿದರು. ಎಲ್ಲರೆದುರು ಹೇಳಬೇಕಾದಾಗ, ಹಾಗೆ ಹಿಂದೆ ಹೋದವರು ಅವನನ್ನು ಕೆಳಗಿಳಿಸಿ ಮಾತಾಡಿದರು. ಗುಟ್ಟಾಗಿ ಕೇಳಿದಾಗ ಹಾಗೆ ಮಾಡಲಿಲ್ಲ. ಒತ್ತಡಕ್ಕೆ ಬಗ್ಗಿದವರಿಗೆ ಒಂದು ಭಯ ಇರುತ್ತದೆ: ನಾನು ಮನಸಾರೆ ಒಪ್ಪಿಲ್ಲ ಅನ್ನುವುದು ಬಯಲಾದರೆ? ಹಾಗಾಗಿ ಒಪ್ಪಿದ್ದೇನೆ ಅಂತ ತೋರಿಸಲು ಒಪ್ಪದವನನ್ನು ಬೈಯುತ್ತಾರೆ. ಆ ಬೈಗುಳ ಕೇಳಿದ ಮೂರನೆಯವರು, ಇವರಿಗೆ ಈ ನಿಯಮ ನಿಜವಾಗಿ ಇಷ್ಟ ಅಂದುಕೊಳ್ಳುತ್ತಾರೆ. ಯಾರಿಗೂ ಬೇಡದ ನಿಯಮ ವರ್ಷಗಟ್ಟಲೆ ಬದುಕುವುದು ಹೀಗೆ. ಪಕ್ಕದವರ ಹತ್ತಿರ ನೀವು ಆಡಿದ ಆ ಒಂದು ಮಾತು ಇದೇ ಕೆಲಸ ಮಾಡಿದೆ. ಬೇಜಾರು ಮಾಡಿಕೊಳ್ಳಬೇಡಿ, ಆದರೆ ಮಾಡಿದೆ.

ಮೀಟಿಂಗಿನಲ್ಲಿ ತಲೆಯಾಡಿಸುವುದು ಸ್ವಲ್ಪ ಬೇರೆ. ಇದಕ್ಕೆ ಎಲ್ಲರೂ ಎತ್ತಿ ತೋರಿಸುವುದು ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಅವರ 1951ರ ಪ್ರಯೋಗವನ್ನು. ಒಂದು ಗೆರೆ ತೋರಿಸಿ, ಅಷ್ಟೇ ಉದ್ದದ ಗೆರೆ ಈ ಮೂರರಲ್ಲಿ ಯಾವುದು ಅಂತ ಕೇಳುವುದು. ಮಗುವೂ ಹೇಳಬಹುದಾದಷ್ಟು ಸುಲಭ. ಕೋಣೆಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಆಶ್ ಕಡೆಯವರು. ಅವರು ಮೊದಲೇ ಮಾತಾಡಿಕೊಂಡು ಒಂದೇ ತಪ್ಪು ಉತ್ತರ ಹೇಳುತ್ತಾರೆ. ಆ ಒಬ್ಬರು ಮೂರರಲ್ಲಿ ಒಂದು ಪಾಲಿನಷ್ಟು ಸಲ ಗುಂಪಿನ ತಪ್ಪನ್ನೇ ಹೇಳಿದರು. ಇಷ್ಟು ಹೇಳಿ, ನೋಡಿ ಮನುಷ್ಯರು ಕುರಿಗಳು ಅಂತ ಷರಾ ಬರೆಯುವವರೇ ಹೆಚ್ಚು. ನನಗೆ ಈ ಓದು ಹಿಡಿಸುವುದಿಲ್ಲ. ಉಳಿದ ಎರಡು ಪಾಲು ಉತ್ತರಗಳು ಸರಿಯಾಗಿದ್ದವು. ಸುಮಾರು ಕಾಲು ಭಾಗ ಜನ ಒಮ್ಮೆಯೂ ಬಗ್ಗಲಿಲ್ಲ. ಬಗ್ಗಿದವರಲ್ಲೂ ಬಹಳ ಜನರಿಗೆ ಕಣ್ಣು ಸರಿಯಾಗಿಯೇ ಕಾಣುತ್ತಿತ್ತು. ಬಾಯಿ ಮಾತ್ರ ಬೇರೆ ಹೇಳುತ್ತಿತ್ತು.

ಇದೇ ಪ್ರಯೋಗದ ಮುಂದಿನ ಕಂತುಗಳು ಇನ್ನೂ ಚೆನ್ನಾಗಿವೆ. ಆಶ್ ಆ ಗುಂಪಿನಲ್ಲಿ ನಿಜ ಹೇಳುವ ಒಬ್ಬ ಜೊತೆಗಾರನನ್ನು ಕೂರಿಸಿದರು. ಉಳಿದವರೆಲ್ಲ ಹಿಂದಿನಂತೆಯೇ ತಪ್ಪು ಹೇಳಿದರು. ಅಷ್ಟಕ್ಕೇ ಬಗ್ಗುವ ಪ್ರಮಾಣ ಮೊದಲಿದ್ದದ್ದರ ಕಾಲು ಭಾಗಕ್ಕೆ ಇಳಿಯಿತು. ಆ ಜೊತೆಗಾರ ಸರಿ ಹೇಳಬೇಕು ಅಂತಲೂ ಇಲ್ಲ, ಗುಂಪಿಗಿಂತ ಬೇರೆ ತಪ್ಪು ಹೇಳಿದರೂ ಸಾಕು, ಇವರ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಇನ್ನೊಂದು ಕಂತಿನಲ್ಲಿ ಜೊತೆಗಾರ ನಡುವೆ ಗುಂಪಿನ ಕಡೆ ಹೊರಳಿಬಿಟ್ಟ, ಇವರು ಮತ್ತೆ ಬಗ್ಗತೊಡಗಿದರು. ಆದರೆ ಅವನು ಏನೋ ಕೆಲಸವಿದೆ ಅಂತ ಕೋಣೆಯಿಂದ ಎದ್ದು ಹೋದಾಗ ಅಷ್ಟು ಬಗ್ಗಲಿಲ್ಲ. ಅವನು ಕೊಟ್ಟ ಧೈರ್ಯ ಅವನು ಹೋದ ಮೇಲೂ ಸ್ವಲ್ಪ ಹೊತ್ತು ಉಳಿದಿತ್ತು.

ಕೂರುವ ಜಾಗದ ಬಗ್ಗೆಯೂ ಒಂದು ಮಾತು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಸತಿ ಕಟ್ಟಡಗಳಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಯಾರು ಯಾರಿಗೆ ಗೆಳೆಯರು ಅಂತ ಪಟ್ಟಿ ಮಾಡಿದರು. ಅಧ್ಯಯನ 1950ರಲ್ಲಿ ಹೊರಬಂತು. ಮನೆಗಳನ್ನು ಆರಿಸಿಕೊಳ್ಳುವ ಅವಕಾಶ ಅಲ್ಲಿನವರಿಗೆ ಹೆಚ್ಚುಕಡಿಮೆ ಇರಲೇ ಇಲ್ಲ. ಪಕ್ಕದ ಬಾಗಿಲಿನವರಲ್ಲಿ ನೂರಕ್ಕೆ 41 ಜನ ಆಪ್ತ ಗೆಳೆಯರಾಗಿದ್ದರು. ಎರಡು ಬಾಗಿಲು ಆಚೆಗೆ 22. ಅದೇ ಮಹಡಿಯ ಆ ತುದಿಗೆ 10. ಹತ್ತಿಪ್ಪತ್ತು ಹೆಜ್ಜೆಗಳ ವ್ಯತ್ಯಾಸ ಅಷ್ಟೇ! ಅಂಗಳದ ಸುತ್ತ ಇದ್ದ ಮನೆಗಳವರಿಗೆ ಬಾಡಿಗೆದಾರರ ಸಂಘದ ಬಗ್ಗೆ ಇದ್ದ ಅಭಿಪ್ರಾಯವೂ ಒಂದೊಂದು ಅಂಗಳಕ್ಕೆ ಒಂದೊಂದು ಥರ ಇತ್ತು. ನೀವು ಯಾರ ಪಕ್ಕ ಕೂರುತ್ತೀರಿ ಅನ್ನುವುದನ್ನು ಯಾರು ಯಾಕೆ ನಿರ್ಧರಿಸಿದರೋ ಗೊತ್ತಿಲ್ಲ. ಬಹುಶಃ ಖಾಲಿ ಇದ್ದ ಮೇಜು ಅದೊಂದೇ ಇರಬಹುದು.

ಇಷ್ಟು ಹೇಳಿದ ಮೇಲೆ ಸ್ವಲ್ಪ ಬ್ರೇಕ್ ಹಾಕಬೇಕು. ಸುತ್ತಲಿನವರು ನಮ್ಮನ್ನು ಬದಲಾಯಿಸುತ್ತಾರೆ ಅನ್ನುವುದನ್ನು ನಮ್ಮ ಶಾಸ್ತ್ರದವರೇ ಅತಿಯಾಗಿ ಹೇಳಿದ್ದುಂಟು. 2007ರಲ್ಲಿ ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಅವರ ಒಂದು ಅಧ್ಯಯನ ದೊಡ್ಡ ಸುದ್ದಿಯಾಯಿತು. 12,067 ಜನರ 32 ವರ್ಷಗಳ ದಾಖಲೆ ನೋಡಿ, ಗೆಳೆಯ ದಪ್ಪಗಾದರೆ ನಾವೂ ದಪ್ಪಗಾಗುವ ಸಂಭವ ನೂರಕ್ಕೆ 57ರಷ್ಟು ಹೆಚ್ಚುತ್ತದೆ ಅಂದರು. ಮರುವರ್ಷವೇ ಇಬ್ಬರು ಸಂಶೋಧಕರು ಅದೇ ಥರದ ಲೆಕ್ಕ ಹಾಕಿ ತೋರಿಸಿದರು: ಹಾಗೆ ನೋಡಿದರೆ ಹದಿಹರೆಯದವರಲ್ಲಿ ಮೊಡವೆ, ತಲೆನೋವು, ಕೊನೆಗೆ ಎತ್ತರವೂ ಗೆಳೆಯರಿಂದ ಗೆಳೆಯರಿಗೆ ಹರಡುತ್ತದೆ! ಗೆಳೆಯ ಎತ್ತರ ಬೆಳೆದ ಅಂತ ಯಾರೂ ಬೆಳೆಯುವುದಿಲ್ಲ. ತೊಡಕು ಎಲ್ಲಿ ಅಂದರೆ, ನಾವು ನಮ್ಮಂಥವರನ್ನೇ ಗೆಳೆಯರನ್ನಾಗಿ ಆರಿಸಿಕೊಳ್ಳುತ್ತೇವೆ. ಒಂದೇ ಜಾಗದಲ್ಲಿ ಬದುಕುತ್ತೇವೆ. ದೂರದಿಂದ ನೋಡಿದವರಿಗೆ ಅದು ಒಬ್ಬರಿಂದೊಬ್ಬರಿಗೆ ಹರಡಿದ ಹಾಗೆ ಕಾಣುತ್ತದೆ.

ಈ ತೊಡಕು ಬಿಡಿಸಲು ಒಂದೇ ಗಟ್ಟಿ ದಾರಿ, ಗೆಳೆಯರನ್ನು ಚೀಟಿ ಎತ್ತಿ ಹಂಚುವುದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಕೋಣೆಯ ಜೊತೆಗಾರರನ್ನು ಹೆಚ್ಚುಕಡಿಮೆ ಹಾಗೆಯೇ ಹಂಚುತ್ತಿದ್ದರು. 2001ರಲ್ಲಿ ಬ್ರೂಸ್ ಸಾಸರ್ಡೋಟ್ ಅದನ್ನು ಬಳಸಿಕೊಂಡು ಲೆಕ್ಕ ಹಾಕಿದರು. ಜೊತೆಗಾರರ ಪ್ರಭಾವ ಅಂಕಗಳ ಮೇಲೆ ಕಂಡಿತು. ಯಾವ ವಿದ್ಯಾರ್ಥಿ ಕೂಟಕ್ಕೆ ಸೇರುತ್ತಾರೆ ಅನ್ನುವುದರ ಮೇಲೂ ಕಂಡಿತು. ಆದರೆ ಯಾವ ವಿಷಯ ಆರಿಸಿ ಓದುತ್ತಾರೆ ಅನ್ನುವುದರ ಮೇಲೆ ಕಾಣಲಿಲ್ಲ. ಈ ಕೊನೆಯದು ನನಗೆ ಬಹಳ ಇಷ್ಟ. ದಿನನಿತ್ಯದ ಅಭ್ಯಾಸಗಳು ಪಕ್ಕದ ಮಂಚದಿಂದ ಅಂಟಿಕೊಳ್ಳುತ್ತವೆ, ಎಲ್ಲವೂ ಅಂಟುವುದಿಲ್ಲ.

ಹಾಗಾಗಿ ನಿಮ್ಮ ವಿಷಯದಲ್ಲೂ ಒಂದು ಅನುಮಾನ ಇಟ್ಟುಕೊಳ್ಳಿ. ಹೊಸ ಕೆಲಸವನ್ನು ಆರಿಸಿಕೊಂಡವರು ನೀವೇ. ಸಂಬಳ, ಜವಾಬ್ದಾರಿ, ವಯಸ್ಸು, ಕಳೆದುಕೊಳ್ಳುವ ಭಯ, ಇವೂ ಬದಲಾಗಿರಬಹುದು. ಎಲ್ಲವನ್ನೂ ಅಕ್ಕಪಕ್ಕದವರ ತಲೆಗೆ ಕಟ್ಟಬೇಡಿ.

ಇದು ಶಾಶ್ವತವಾ ಅಂತ ನೀವು ಕೇಳಿಲ್ಲ, ಆದರೆ ತಂಗಿಯ ಮಾತಿನಲ್ಲಿ ಆ ಆತಂಕ ಇದೆ. 1930ರ ದಶಕದಲ್ಲಿ ಅಮೆರಿಕದ ಬೆನಿಂಗ್ಟನ್ ಕಾಲೇಜಿಗೆ ಬರುತ್ತಿದ್ದ ಹುಡುಗಿಯರು ಹೆಚ್ಚಾಗಿ ಸಿರಿವಂತ, ಸಂಪ್ರದಾಯಸ್ಥ ಮನೆಗಳವರು. ಕಾಲೇಜಿನ ಗಾಳಿ ಪೂರ್ತಿ ಬೇರೆ. ಅಲ್ಲೇ ಪಾಠ ಮಾಡುತ್ತಿದ್ದ ಥಿಯೊಡೋರ್ ನ್ಯೂಕಂಬ್ 1936ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ವಿದ್ಯಾರ್ಥಿನಿಯರ ಒಲವು ಕೇಳಿದರು. ಸಂಪ್ರದಾಯಸ್ಥರ ಅಭ್ಯರ್ಥಿಗೆ ಮೊದಲ ವರ್ಷದವರಲ್ಲಿ ನೂರಕ್ಕೆ 62 ಜನರ ಬೆಂಬಲ. ಎರಡನೇ ವರ್ಷದವರಲ್ಲಿ 43. ಕೊನೆಯ ಎರಡು ವರ್ಷದವರಲ್ಲಿ 15ರ ಆಸುಪಾಸು. ಸುಮಾರು 25 ವರ್ಷಗಳ ನಂತರ ನ್ಯೂಕಂಬ್ ಅವರನ್ನೆಲ್ಲ ಮತ್ತೆ ಹುಡುಕಿದರು. ಹೆಚ್ಚಿನವರು ಕಾಲೇಜಿನ ನಿಲುವಿನಲ್ಲೇ ಇದ್ದರು. ಹಾಗೆ ಉಳಿದವರು ಅದೇ ಮನಸ್ಸಿನ ಗಂಡ, ಅದೇ ಮನಸ್ಸಿನ ಗೆಳತಿಯರ ನಡುವೆ ಬದುಕಿದ್ದರು. ಹಳೆಯ ವಾತಾವರಣಕ್ಕೆ ಮರಳಿದ ಕೆಲವರು ಹಳೆಯ ನಿಲುವಿಗೂ ಮರಳಿದ್ದರು. ನಾವು ಬದಲಾಗಿ ಅಲ್ಲೇ ಗಟ್ಟಿಯಾಗುತ್ತೇವಾ ಅನ್ನುವುದು ಮುಂದೆ ಯಾರ ಜೊತೆ ಇರುತ್ತೇವೆ ಅನ್ನುವುದನ್ನು ಅವಲಂಬಿಸಿದೆ.

ಹಾಗಾದರೆ ಏನು ಮಾಡಬೇಕು?

ಮೊದಲು ಊಹೆ ಯಾವುದು, ನಿಜ ಯಾವುದು ಅಂತ ಬೇರೆ ಮಾಡಿ. ಬೇಗ ಹೊರಟವರಿಗೆ ನಿಮ್ಮಲ್ಲಿ ನಿಜವಾಗಿಯೂ ಬಡ್ತಿ ತಪ್ಪಿದೆಯಾ? ಬೈಗುಳ ಸಿಕ್ಕಿದೆಯಾ? ಹೌದಾದರೆ ಇದು ಮನಸ್ಸಿನ ಮಾತಲ್ಲ, ಅಧಿಕಾರದ ಮಾತು. ಮೇಲಿನವರು ಬದಲಾಗದೆ ಅದು ಬದಲಾಗುವುದಿಲ್ಲ. ಅಲ್ಲಿ ಒಬ್ಬರೇ ಎದ್ದು ಹುತಾತ್ಮರಾಗಿ ಅಂತ ನಾನು ಹೇಳಲಾರೆ. ಯಾರಿಗೂ ಏನೂ ಆಗಿಲ್ಲ, ಏನೋ ಆಗಬಹುದು ಅಂತ ಎಲ್ಲರೂ ಅಂದುಕೊಂಡಿದ್ದಾರೆ ಅಷ್ಟೇ ಅಂದರೆ, ದಾರಿ ಇದೆ.

ಇಬ್ಬರನ್ನು ಬೇರೆಬೇರೆಯಾಗಿ ಕೇಳಿ. ಒಟ್ಟಿಗೆ ಕೇಳಬೇಡಿ, ಒಟ್ಟಿಗೆ ಕೇಳಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ನನಗೆ ಏಳೂವರೆ ಮೇಲೆ ಇಲ್ಲಿ ಮಾಡಲು ಕೆಲಸವೇ ಇರುವುದಿಲ್ಲ, ನಿಮಗೆ?" ಅಂತ. ಮೊದಲು ನಿಮ್ಮದನ್ನು ಹೇಳಿ, ಆಮೇಲೆ ಅವರದನ್ನು ಕೇಳಿ. ಮೀಟಿಂಗಿಗೂ ಇದೇ ಉಪಾಯ. ಒಳಗೆ ಹೋಗುವ ಮುಂಚೆ ಒಬ್ಬರ ಹತ್ತಿರ "ಈ ವಿಷಯ ನಾನು ಎತ್ತುತ್ತೇನೆ, ನಿಮಗೂ ಹಾಗನ್ನಿಸಿದರೆ ಒಂದು ಮಾತು ಸೇರಿಸಿ" ಅಂದರೆ ಸಾಕು. ಎಲ್ಲರನ್ನೂ ಉದ್ದೇಶಿಸಿ ಒಂದು ಭಾಷಣ ಮಾಡುವ ಆಸೆ ಬಂದರೆ ಅದುಮಿಟ್ಟುಕೊಳ್ಳಿ. ಅದು ಕೆಲಸ ಮಾಡಿದ್ದನ್ನು ನಾನಂತೂ ನೋಡಿಲ್ಲ.

ಇನ್ನೊಂದು, ಆಫೀಸಿನ ಹೊರಗಿನ ಜನ. ಎಂಟೂವರೆವರೆಗೆ ಕೂತರೆ ಹೊರಗಿನವರು ಸಿಗುವುದೇ ಇಲ್ಲ ಅಲ್ವಾ? ಹಾಗಾಗಿ ದಿನವೂ ಕಾಣುವುದು ಅವರೇ ಹತ್ತು ಮುಖ, ಕೇಳುವುದು ಅದೇ ಮಾತು. ಇಲ್ಲಿಯೂ ಗ್ರಾನೊವೆಟರ್ ಅವರದೇ ಕೆಲಸ ನೆನಪಾಗುತ್ತದೆ, 1973ರದು. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು, ಆ ಪರಿಚಯದವರು ಎಷ್ಟು ಸಲ ಸಿಗುತ್ತಿದ್ದರು ಅಂತ ಕೇಳಿದರು. ಪದೇಪದೇ ಸಿಗುವ ಆಪ್ತರು ಅಂದವರು ನೂರಕ್ಕೆ 17ರಷ್ಟೇ. ಆಗಾಗ ಸಿಗುವವರು ಅಂದವರು 56ರಷ್ಟು, ಅಪರೂಪಕ್ಕೆ ಸಿಗುವವರು ಅಂದವರು 28ರಷ್ಟು. ಆಪ್ತರಿಗೆ ನಮಗೆ ಗೊತ್ತಿರುವುದೇ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ಅರೆ ಪರಿಚಯದವರಿಂದ. ಕೆಲಸದ ಸುದ್ದಿ ಮಾತ್ರವಲ್ಲ, ಬೇರೆ ಕಡೆ ಜನ ಆರಕ್ಕೆ ಏಳುತ್ತಾರೆ ಅನ್ನುವ ಸುದ್ದಿಯೂ. ಹಳೆಯ ಆಫೀಸಿನವರಿಗೆ ಈ ವಾರ ಒಂದು ಫೋನ್ ಮಾಡಿ. ನಿಮಗಿಂತ ಮುಂಚೆ ಏಳುತ್ತಿದ್ದವರು ಯಾರು ಅಂತ ನೆನಪಾಗಿದ್ದರೆ ಅವರಿಗೇ ಮಾಡಿ.

ಕೊನೆಗೆ ಆ ಹುಡುಗ. ನನ್ನ ಲೆಕ್ಕದಲ್ಲಿ ಮೊದಲನೆಯವನು ಅವನು, ಯಾರನ್ನೂ ನೋಡದೆ ಎದ್ದವನು. ಹಾಗೆ ಎಷ್ಟು ದಿನ ಏಳುತ್ತಾನೆ ಅನ್ನುವುದು ಗೊತ್ತಿಲ್ಲ, ನೀವು ಆಡಿದ ಮಾತು ಅವನ ಕಿವಿಗೂ ಬಿದ್ದಿರಬಹುದು. ಎರಡನೆಯ ಕುರ್ಚಿ ಸದ್ಯಕ್ಕೆ ಖಾಲಿ ಇದೆ. ನಾಳೆ ಅವನು ಆರೂಕಾಲಿಗೆ ಹೊರಟಾಗ ನಿಮ್ಮ ಕೆಲಸವೂ ಮುಗಿದಿದ್ದರೆ, ಬ್ಯಾಗ್ ತಗೊಂಡು ಅವನ ಹಿಂದೆಯೇ ಲಿಫ್ಟ್ ಹತ್ತಿರ ಹೋಗಿ. ಹಿಂದಿನಿಂದ ಮೂರನೆಯ ಕುರ್ಚಿ ಸರಿದ ಸದ್ದು ಕೇಳುತ್ತದಾ ಅಂತ ನನಗೂ ಬರೆದು ತಿಳಿಸಿ.